ಪಿಯುಸಿ ಆದಮೇಲೆ ಪರಿಸರ ನೀತಿ ಓದಬೇಕು ಅಂತಿದ್ದೇನೆ, ದಾರಿ ಹೇಳಿ

ಅಬ್ಬಿನೀರು
ಎಲ್ಲರಿಗೂ ನಮಸ್ಕಾರ. ನಾನು ಸಾಗರ ತಾಲೂಕಿನವಳು. ಎರಡನೇ ಪಿಯುಸಿ ಪರೀಕ್ಷೆ ಈಗಷ್ಟೇ ಮುಗಿಯಿತು, ಪಿಸಿಎಂಬಿ. ನನಗೆ ಪರಿಸರ ನೀತಿ ಓದುವ ಆಸೆ. ಬರೀ ಪರಿಸರ ವಿಜ್ಞಾನ ಅಲ್ಲ. ಕಾನೂನು ಹೇಗೆ ಆಗುತ್ತದೆ, ಅನುಮತಿ ಯಾರು ಕೊಡುತ್ತಾರೆ, ಊರಿನವರು ಆಡಿದ ಮಾತು ಆಮೇಲೆ ಎಲ್ಲಿಗೆ ಹೋಗುತ್ತದೆ, ಇದನ್ನು ಓದಬೇಕು.

ಯಾಕೆ ಅಂತ ಹೇಳುತ್ತೇನೆ. ಹೋದ ವರ್ಷ ನಮ್ಮೂರ ಹತ್ತಿರ ಕಲ್ಲು ಕ್ವಾರಿಗೆ ಸಾರ್ವಜನಿಕ ಅಹವಾಲು ಸಭೆ ನಡೆಯಿತು. ಅಜ್ಜನ ಜೊತೆ ನಾನೂ ಹೋಗಿದ್ದೆ. ಶಾಮಿಯಾನ ಹಾಕಿದ್ದರು, ವಿಡಿಯೊ ತೆಗೆಯುತ್ತಿದ್ದರು. ಕ್ವಾರಿಯಿಂದ ಪರಿಸರಕ್ಕೆ ಏನಾಗುತ್ತದೆ ಅಂತ ಹೇಳುವ ವರದಿ ಇಂಗ್ಲಿಷಿನಲ್ಲಿ ಮುನ್ನೂರು ಪುಟದ ಮೇಲೆ. ಕನ್ನಡ ಸಾರಾಂಶ ಹನ್ನೆರಡು ಪುಟ. ಅಕ್ಷರ ಕನ್ನಡದ್ದು, ಆದರೆ ಓದಿದರೆ ನಮ್ಮ ಮೇಷ್ಟ್ರಿಗೂ ಅರ್ಥವಾಗಲಿಲ್ಲ. ಅಜ್ಜ ಎದ್ದು ನಿಂತು ಕೇಳಿದರು: ‘ನಮ್ಮ ಕೇರಿಗೆ ಗುಡ್ಡದಿಂದ ಅಬ್ಬಿ ನೀರು ಬರುತ್ತದೆ. ಬಂಡೆ ಸಿಡಿಸಿದರೆ ಅದರ ಗತಿ ಏನು?’ ‘ನಿಯಮದ ಪ್ರಕಾರ ಕ್ರಮ ಕೈಗೊಳ್ಳಲಾಗುವುದು’ ಅಂದರು. ಅಷ್ಟೇ. ಮನೆಗೆ ಬಂದು ವರದಿ ಪೂರ್ತಿ ಹುಡುಕಿದೆ. ಹೊಳೆ ಇದೆ, ಎರಡು ಬಾವಿ ಇದೆ. ಅಬ್ಬಿ ಎಲ್ಲೂ ಇಲ್ಲ. ಒಂಬತ್ತು ಮನೆಯವರು ದಿನಾ ಕುಡಿಯುವ ನೀರು ಆ ಮುನ್ನೂರು ಪುಟದಲ್ಲಿ ಇಲ್ಲವೇ ಇಲ್ಲ.

ಈಗ ಪಕ್ಕದ ಊರಿಗೂ ಅಂಥದ್ದೇ ನೋಟಿಸ್ ಬಂದಿದೆ.

ಅಪ್ಪ ಹೇಳುವುದು, ಬಿಎಸ್ಸಿ ಅಗ್ರಿ ತಗೋ, ಕೆಲಸ ಸಿಗುತ್ತದೆ ಅಂತ. ಪರಿಸರ ನೀತಿಗೆ ಅಂತಲೇ ಡಿಗ್ರಿ ನಮ್ಮ ರಾಜ್ಯದಲ್ಲಿ ಇದೆಯಾ? ಓದಿದವರು ಏನು ಕೆಲಸ ಮಾಡುತ್ತಿದ್ದಾರೆ? ದಯವಿಟ್ಟು ಹೇಳಿ.

ತೀರದ ಹಕ್ಕಿ
ಒಳ್ಳೆ ಪ್ರಶ್ನೆ ತಂಗಿ. ನಮ್ಮ ತಮ್ಮನೂ ಇದನ್ನೇ ಕೇಳುತ್ತಿದ್ದಾನೆ. ಉತ್ತರ ಬಂದರೆ ಅವನಿಗೂ ತೋರಿಸುತ್ತೇನೆ.

ಗಂಧದ ಮರ
ಫಾರೆಸ್ಟ್ರಿ ತಗೋ. ಶಿರಸಿಯಲ್ಲೇ ಅರಣ್ಯ ಕಾಲೇಜು ಇದೆ, ಕೊಡಗಿನ ಪೊನ್ನಂಪೇಟೆಯಲ್ಲೂ ಇದೆ. ನಾನು ಪೊನ್ನಂಪೇಟೆಯಲ್ಲಿ ಓದಿದವನು. ನಾಲ್ಕು ವರ್ಷದ ಬಿಎಸ್ಸಿ, ಸಿಇಟಿ ಮೂಲಕ ಸೀಟು. ನಿಮ್ಮದು ಅಡಿಕೆ ತೋಟ ಇದ್ದರೆ ಕೃಷಿಕರ ಕೋಟಾಕ್ಕೂ ಅರ್ಜಿ ಹಾಕಬಹುದು. ಆರ್‌ಎಫ್‌ಒ (ವಲಯ ಅರಣ್ಯಾಧಿಕಾರಿ) ನೇಮಕಾತಿಯಲ್ಲಿ ಫಾರೆಸ್ಟ್ರಿ ಓದಿದವರಿಗೆ ಒಂದು ಪಾಲು ಮೀಸಲು. ಅಪ್ಪನಿಗೂ ಸಮಾಧಾನ, ನಿನಗೂ ಕಾಡು.

ಅಬ್ಬಿನೀರು
ಅಣ್ಣಾ, ಅಲ್ಲಿ ಕಾನೂನು, ನೀತಿ ಎಲ್ಲ ಎಷ್ಟು ಹೇಳಿಕೊಡುತ್ತಾರೆ?

ಗಂಧದ ಮರ
ಕಡಿಮೆ, ಸುಳ್ಳು ಹೇಳಲ್ಲ. ಅರಣ್ಯ ಕಾನೂನು ಒಂದು ಪತ್ರಿಕೆ. ಉಳಿದದ್ದು ನರ್ಸರಿ, ಮರದ ಅಳತೆ, ಮಣ್ಣು, ವನ್ಯಜೀವಿ. ಆದರೆ ನಾಲ್ಕು ವರ್ಷ ಕಾಡಿನಲ್ಲಿ ಓಡಾಡಿದವರಿಗೆ ವರದಿಯಲ್ಲಿ ‘ಕುರುಚಲು ಕಾಡು’ ಅಂತ ಬರೆದಿದ್ದರೆ ಅದು ನಿಜವೋ ಸುಳ್ಳೋ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಅದು ಪುಸ್ತಕದಿಂದ ಬರಲ್ಲ.

ಚರ್ಚ್ ಸ್ಟ್ರೀಟ್ ಹಳಬ
ನಾನು ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮಗಳೇ, ಮೊದಲು ಕೆಲಸದ ಮಾತು. 1974ರ ಜಲ ಕಾಯ್ದೆ ಬಂದ ವರ್ಷವೇ ನಮ್ಮ ಮಂಡಳಿ ಶುರುವಾಯಿತು. ಆಮೇಲೆ 1981ರ ವಾಯು ಕಾಯ್ದೆ. ಭೋಪಾಲ್ ದುರಂತ ಆಗಿ ಎರಡು ವರ್ಷಕ್ಕೆ, 1986ರಲ್ಲಿ, ಪರಿಸರ ಸಂರಕ್ಷಣಾ ಕಾಯ್ದೆ. ಮಂಡಳಿಯ ದಿನನಿತ್ಯದ ಕೆಲಸ ಅಂದರೆ ಸಿಎಫ್‌ಇ, ಸಿಎಫ್‌ಒ. ಕಾರ್ಖಾನೆ ಕಟ್ಟುವ ಮೊದಲು ಒಂದು ಒಪ್ಪಿಗೆ, ನಡೆಸುವ ಮೊದಲು ಇನ್ನೊಂದು. ಕೆಂಪು, ಕಿತ್ತಳೆ, ಹಸಿರು, ಬಿಳಿ ಅಂತ ಕೈಗಾರಿಕೆಗಳಿಗೆ ಬಣ್ಣದ ವರ್ಗ ಇದೆ. ಈ ಕೆಲಸಕ್ಕೆ ಕರೆಯುವಾಗ ಹೆಚ್ಚಾಗಿ ಕೇಳುವುದು ಇಂಜಿನಿಯರಿಂಗ್ ಪದವಿ, ಇಲ್ಲವೇ ಎಂಎಸ್ಸಿ. ‘ಪರಿಸರ ನೀತಿಯಲ್ಲಿ ಬಿಎ’ ಅಂತ ಬರೆದ ಅರ್ಜಿಗೆ ಅಲ್ಲಿ ಜಾಗ ಸಿಗುವುದು ಕಷ್ಟ.

ಆದರೂ ನೀನು ಕೇಳುತ್ತಿರುವುದು ಸಣ್ಣ ವಿಷಯ ಅಲ್ಲ. ನಾನು ಎಷ್ಟೋ ಅಹವಾಲು ಸಭೆಗೆ ಹೋಗಿದ್ದೇನೆ. 2006ರ ಇಐಎ (ಪರಿಸರ ಪರಿಣಾಮ ಅಂದಾಜು) ಅಧಿಸೂಚನೆ ಪ್ರಕಾರ ಸಭೆಗೆ 30 ದಿನ ಮೊದಲು ಪತ್ರಿಕೆಯಲ್ಲಿ ನೋಟಿಸ್ ಕೊಡಬೇಕು. ಸಾರಾಂಶ ಸ್ಥಳೀಯ ಭಾಷೆಯಲ್ಲಿ ಇರಬೇಕು. ಜಿಲ್ಲಾಧಿಕಾರಿ ಅಥವಾ ಅಪರ ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆ ಇಲ್ಲದವರು ಸಭೆ ನಡೆಸಬೇಕು. ಎಲ್ಲ ನಡೆಯುತ್ತದೆ. ಜನ ಬರುತ್ತಾರೆ, ನೋವು ಹೇಳುತ್ತಾರೆ, ಕೋಪ ಮಾಡುತ್ತಾರೆ. ಆದರೆ ‘ನಿಮ್ಮ ವರದಿಯ ಇಂಥ ಪುಟದ ಇಂಥ ಕೋಷ್ಟಕ ತಪ್ಪು’ ಅಂತ ಹೇಳುವವರು ನೂರಕ್ಕೆ ಒಬ್ಬರು. ಹಾಗೆ ಹೇಳಿದ ಮಾತನ್ನು ಯಾರೂ ಸುಮ್ನೆ ದಾಟಿಕೊಂಡು ಹೋಗುವ ಹಾಗಿಲ್ಲ. ಸಭೆಯ ನಡವಳಿಯಲ್ಲಿ ಅದು ದಾಖಲಾಗುತ್ತದೆ, ಅಂತಿಮ ವರದಿಯಲ್ಲಿ ಉತ್ತರ ಬರೆಯಲೇಬೇಕು. ನಿನ್ನ ಅಜ್ಜನ ಪ್ರಶ್ನೆ ಸರಿಯಾಗಿಯೇ ಇತ್ತು. ಅದಕ್ಕೆ ಪುಟದ ಸಂಖ್ಯೆ ಸೇರಿಸುವವರು ಬೇಕಿತ್ತು.

ಪೀಣ್ಯ ಇಂಜಿನಿಯರ್
ನೇರವಾಗಿ ಹೇಳುತ್ತೇನೆ. ಡಿಗ್ರಿ ಮಟ್ಟದಲ್ಲಿ ನೀತಿ ಓದುವುದು ವ್ಯರ್ಥ. ನೀರು ಶುದ್ಧ ಮಾಡಲು ಬಿಒಡಿ, ಸಿಒಡಿ ಅನ್ನುವ ಕೊಳೆಯ ಅಳತೆ ಗೊತ್ತಿರಬೇಕು, ಪಂಪು ಗೊತ್ತಿರಬೇಕು. ಬರೀ ಮಾತಿನಿಂದ ಒಂದು ಲೀಟರ್ ನೀರೂ ಶುದ್ಧ ಆಗಲ್ಲ. ಬಿಇ ಮಾಡಲಿ, ನೀತಿ ಆಮೇಲೆ ಪೇಪರ್ ಓದಿದರೂ ಬರುತ್ತದೆ.

ಕೋಲಾರದ ಕೆರೆಯಂಗಳ
ಪೀಣ್ಯ ಸರ್, ನಿಮ್ಮ ಮಾತು ಅರ್ಧ ಸರಿ. ಉಳಿದರ್ಧ ನಮ್ಮ ಜಿಲ್ಲೆಗೆ ಬಂದು ನೋಡಿ.

ಕೆ.ಸಿ. ವ್ಯಾಲಿ ಯೋಜನೆ ಗೊತ್ತಲ್ಲ. ಬೆಂಗಳೂರಿನ ಕೊಳಚೆ ನೀರು ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ತುಂಬುವುದು. ದಿನಕ್ಕೆ 440 ದಶಲಕ್ಷ ಲೀಟರ್ ಲೆಕ್ಕ. 2018ರಲ್ಲಿ ನೀರು ಬಂತು. ವರ್ಷಗಟ್ಟಲೆ ಒಣಗಿದ್ದ ಕೆರೆಗೆ ನೀರು ಬಂದಾಗ ನಮ್ಮಮ್ಮ ಪೂಜೆ ಮಾಡಿದರು. ಬತ್ತಿದ್ದ ಕೊಳವೆ ಬಾವಿಯಲ್ಲಿ ನೀರು ಏರಿತು. ಇದೆಲ್ಲ ಇಂಜಿನಿಯರುಗಳ ಕೆಲಸ, ಕೈ ಮುಗಿಯುತ್ತೇನೆ.

ಆದರೆ ಶುದ್ಧೀಕರಣ ಎರಡನೇ ಹಂತಕ್ಕೇ ನಿಂತಿದೆ. ಮೂರನೇ ಹಂತ ಬೇಕು ಅಂತ ಜನ ಕೋರ್ಟಿಗೆ ಹೋದರು, ಈಗಲೂ ಕೇಳುತ್ತಲೇ ಇದ್ದಾರೆ. ಎರಡು ಹಂತ ಸಾಕು ಅಂತ ತೀರ್ಮಾನ ಮಾಡಿದ್ದು ಯಾವ ಪಂಪು? ಅದು ಹಣದ ತೀರ್ಮಾನ, ನೀತಿಯ ತೀರ್ಮಾನ. ಆ ನೀರು ಯಾವ ಬೆಳೆಗೆ ಸರಿ, ಎಷ್ಟು ದಿನಕ್ಕೊಮ್ಮೆ ಪರೀಕ್ಷೆ ಮಾಡಬೇಕು, ಫಲಿತಾಂಶ ಪಂಚಾಯ್ತಿ ಬೋರ್ಡಿನಲ್ಲಿ ಹಾಕಬೇಕೋ ಬೇಡವೋ, ಇದನ್ನೆಲ್ಲ ಬರೆಯುವವರು ಯಾರು? ನಮಗೆ ಅಂಥವರು ಬೇಕು. ಪೇಪರ್ ಓದಿ ಬರುವ ವಿದ್ಯೆ ಇದಲ್ಲ.

ಪೀಣ್ಯ ಇಂಜಿನಿಯರ್
ಸರಿ, ಆ ಮಾತು ಒಪ್ಪುತ್ತೇನೆ. ಆದರೆ ಆ ತೀರ್ಮಾನ ಪ್ರಶ್ನೆ ಮಾಡುವವರಿಗೂ ಎರಡನೇ ಹಂತ ಮೂರನೇ ಹಂತದ ವ್ಯತ್ಯಾಸ ಗೊತ್ತಿರಬೇಕು ಅಲ್ವಾ? ನನ್ನ ವಾದ ಅದೇ. ಬುಡ ಗಟ್ಟಿ ಇರಲಿ.

ಕಪ್ಪು ಕೋಟು
ವಕೀಲೆ ನಾನು. ಐದು ವರ್ಷದ ಲಾ ಬಗ್ಗೆ ಯಾರೂ ಹೇಳಲಿಲ್ಲ ಅಂತ ಬರೆಯುತ್ತಿದ್ದೇನೆ. ಪಿಯುಸಿ ಆದಮೇಲೆ ನೇರ ಸೇರಬಹುದು. ಕ್ಲ್ಯಾಟ್ ಅನ್ನುವ ಪ್ರವೇಶ ಪರೀಕ್ಷೆ ಬರೆದರೆ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ. ಇಲ್ಲದಿದ್ದರೆ ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜು ಹೆಚ್ಚು ಕಡಿಮೆ ಎಲ್ಲ ಜಿಲ್ಲೆಯಲ್ಲೂ ಸಿಗುತ್ತದೆ. ಶುಲ್ಕವೂ ಕಡಿಮೆ.

ನಮ್ಮ ದೇಶದಲ್ಲಿ ಪರಿಸರ ನೀತಿ ಅರ್ಧಕ್ಕರ್ಧ ಕೋರ್ಟಿನಲ್ಲಿ ಹುಟ್ಟಿದ್ದು. ಗೋದಾವರ್ಮನ್ ಪ್ರಕರಣದಲ್ಲಿ 1996ರ ಡಿಸೆಂಬರಿನಲ್ಲಿ ಬಂದ ಒಂದು ಆದೇಶ ‘ಕಾಡು’ ಅನ್ನುವ ಪದದ ಅರ್ಥವನ್ನೇ ಬದಲಿಸಿತು. ಬಳ್ಳಾರಿಯ ಅಕ್ರಮ ಗಣಿ ನಿಂತಿದ್ದು ಧಾರವಾಡದ ಸಮಾಜ ಪರಿವರ್ತನ ಸಮುದಾಯ ಸುಪ್ರೀಂ ಕೋರ್ಟಿಗೆ ಹೋದದ್ದರಿಂದ. ಎನ್‌ಜಿಟಿ, ಅಂದರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಬಂದದ್ದು 2010ರ ಕಾಯ್ದೆಯಿಂದ. ನಮಗೆ ಚೆನ್ನೈ ಪೀಠ. ಪರಿಸರ ಅನುಮತಿ ಪ್ರಶ್ನೆ ಮಾಡಲು 30 ದಿನ, ಸರಿಯಾದ ಕಾರಣ ಇದ್ದರೆ ಇನ್ನು 60 ದಿನ. ಅದು ದಾಟಿದರೆ ಬಾಗಿಲು ಮುಚ್ಚಿತು. ನನ್ನ ಹತ್ತಿರ ಬರುವ ಹಳ್ಳಿಯವರಲ್ಲಿ ಹೆಚ್ಚಿನವರು ಬುಲ್ಡೋಜರ್ ಬಂದಮೇಲೆಯೇ ಬರುತ್ತಾರೆ. ಅಷ್ಟೊತ್ತಿಗೆ ವರ್ಷ ಕಳೆದಿರುತ್ತದೆ.

ಕನ್ನಡದ ಮಾತು ಬಂದದ್ದಕ್ಕೆ ಇನ್ನೊಂದು. 2020ರಲ್ಲಿ ಹೊಸ ಇಐಎ ಕರಡು ಬಂದಾಗ ಅದು ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ ಇತ್ತು. ಸಂವಿಧಾನದ ಎಂಟನೇ ಪರಿಚ್ಛೇದದ ಎಲ್ಲ ಭಾಷೆಗೂ ಅನುವಾದ ಮಾಡಿ ಅಂತ ದೆಹಲಿ ಹೈಕೋರ್ಟ್ ಹೇಳಿತು. ನಮ್ಮ ಹೈಕೋರ್ಟ್ ಆ ವರ್ಷದ ಆಗಸ್ಟಿನಲ್ಲಿ ಅಂತಿಮ ಅಧಿಸೂಚನೆ ಹೊರಡಿಸದಂತೆ ಮಧ್ಯಂತರ ತಡೆ ಕೊಟ್ಟಿತು. ಭಾಷೆ ಅನ್ನುವುದು ಇಲ್ಲಿ ಅಲಂಕಾರದ ವಿಷಯ ಅಲ್ಲ, ಹಕ್ಕಿನ ವಿಷಯ. ನಿಮ್ಮ ಹನ್ನೆರಡು ಪುಟದ ಸಾರಾಂಶ ಇಟ್ಟುಕೊಂಡಿರಿ, ಬಿಸಾಡಬೇಡಿ.

ಅಬ್ಬಿನೀರು
ಇದೆ ಅಕ್ಕ. ಅಜ್ಜ ಪಂಚಾಂಗದ ಒಳಗೆ ಇಟ್ಟಿದ್ದಾರೆ.

ರಾಣೆಬೆನ್ನೂರು ಬಸ್ಸು
ಐಎಫ್‌ಎಸ್ ಬರೆದು ಡಿಸಿಎಫ್ (ಉಪ ಅರಣ್ಯ ಸಂರಕ್ಷಣಾಧಿಕಾರಿ) ಆಗಬಹುದಲ್ಲ. ಪರಿಸರ ಓದಿದವರಿಗೆ ಅದಕ್ಕಿಂತ ಒಳ್ಳೆಯದು ಯಾವುದು?

ಮೀಸಲು ಅರಣ್ಯ
ತಡೆಯಿರಿ, ಇಲ್ಲಿ ಎಷ್ಟೋ ಜನ ಎಡವುತ್ತಾರೆ. ಇಂಡಿಯನ್ ಫಾರೆಸ್ಟ್ ಸರ್ವಿಸ್ ಪರೀಕ್ಷೆಗೆ ಯಾವುದೋ ಒಂದು ಡಿಗ್ರಿ ಸಾಲದು. ಪಶುಸಂಗೋಪನೆ ಮತ್ತು ಪಶುವೈದ್ಯ, ಸಸ್ಯಶಾಸ್ತ್ರ, ರಸಾಯನಶಾಸ್ತ್ರ, ಭೂವಿಜ್ಞಾನ, ಗಣಿತ, ಭೌತಶಾಸ್ತ್ರ, ಸಂಖ್ಯಾಶಾಸ್ತ್ರ, ಪ್ರಾಣಿಶಾಸ್ತ್ರ, ಇವುಗಳಲ್ಲಿ ಒಂದಾದರೂ ಡಿಗ್ರಿಯಲ್ಲಿ ಇರಬೇಕು. ಇಲ್ಲವೇ ಕೃಷಿ, ಅರಣ್ಯಶಾಸ್ತ್ರ, ಇಂಜಿನಿಯರಿಂಗ್ ಪದವಿ ಇರಬೇಕು. ಈ ಪಟ್ಟಿಯಲ್ಲಿ ಪರಿಸರ ವಿಜ್ಞಾನವೂ ಇಲ್ಲ, ಪರಿಸರ ನೀತಿಯೂ ಇಲ್ಲ. ನಾನು ಮೂರು ಸಲ ಮುಖ್ಯ ಪರೀಕ್ಷೆ ಬರೆದಿದ್ದೇನೆ. ನನ್ನ ರೂಮಿನಲ್ಲಿದ್ದ ಹುಡುಗಿ ಪರಿಸರದ ಡಿಗ್ರಿ ಮಾಡಿ, ಅರ್ಜಿ ತುಂಬುವ ದಿನ ಇದನ್ನು ನೋಡಿ ಅತ್ತಳು. ಡಿಗ್ರಿ ಆಯ್ಕೆ ಮಾಡುವಾಗಲೇ ಈ ಪಟ್ಟಿ ನೋಡಿಕೊಳ್ಳಿ.

ಅಬ್ಬಿನೀರು
ಅಯ್ಯೋ, ಇದು ಗೊತ್ತೇ ಇರಲಿಲ್ಲ. ತುಂಬ ಧನ್ಯವಾದ.

ಉಪನ್ಯಾಸಕಿ ಶಿವಮೊಗ್ಗ
ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಪರಿಸರ ವಿಜ್ಞಾನ ಬಿಎಸ್ಸಿಯಲ್ಲಿ ಒಂದು ವಿಷಯವಾಗಿ ಕೆಲವು ಕಾಲೇಜುಗಳಲ್ಲಿ ಸಿಗುತ್ತದೆ. ಎಂಎಸ್ಸಿ ಕುವೆಂಪು ವಿಶ್ವವಿದ್ಯಾಲಯದಲ್ಲಿ ಬಹಳ ವರ್ಷದಿಂದ ಇದೆ. ನೀತಿ ಅಂತ ಪ್ರತ್ಯೇಕವಾಗಿ ಓದಬೇಕಾದರೆ ಹೆಚ್ಚಾಗಿ ಎಂಎ ಮಟ್ಟಕ್ಕೇ ಹೋಗಬೇಕು. ಇನ್ನು ಎಲ್ಲರಿಗೂ ಕಡ್ಡಾಯ ಇರುವ ಪರಿಸರ ಅಧ್ಯಯನ ಪತ್ರಿಕೆ ಗೊತ್ತಲ್ಲ, ಅದರ ಗತಿ ನೋಡಿದರೆ ಹೊಟ್ಟೆ ಉರಿಯುತ್ತದೆ. ಪರೀಕ್ಷೆ ಹಿಂದಿನ ದಿನ ಓಝೋನ್ ಪದರದ ಬಗ್ಗೆ ಐದು ಅಂಕಕ್ಕೆ ಬಾಯಿಪಾಠ. ಕಾಲೇಜಿನ ಹಿಂದೆಯೇ ತುಂಗೆಗೆ ಚರಂಡಿ ಸೇರುತ್ತದೆ, ಅದನ್ನು ನೋಡಲು ಯಾರೂ ಹೋಗಲ್ಲ. ಹೋದ ವರ್ಷ ನಾನು ಮಕ್ಕಳನ್ನು ಕರೆದುಕೊಂಡು ಹೋದೆ. ಬಾಟಲಿಯಲ್ಲಿ ನೀರು ಹಿಡಿದು ತಂದು ಲ್ಯಾಬಿನಲ್ಲಿ ನೋಡಿದರು. ಆ ವಾರ ಅವರು ಕೇಳಿದಷ್ಟು ಪ್ರಶ್ನೆ ಇಡೀ ವರ್ಷ ಕೇಳಿರಲಿಲ್ಲ.

ರಾಣೆಬೆನ್ನೂರು ಬಸ್ಸು
ಆ ಕಡ್ಡಾಯ ಪತ್ರಿಕೆ ಯುಜಿಸಿ ತನಗೆ ತೋಚಿದ ಹಾಗೆ ತಂದು ಹೇರಿದ್ದು ಮೇಡಂ.

ಕಪ್ಪು ಕೋಟು
ಅಲ್ಲ. ಪರಿಸರ ವಕೀಲ ಎಂ.ಸಿ. ಮೆಹ್ತಾ ಹಾಕಿದ್ದ ಅರ್ಜಿಯಲ್ಲಿ 1991ರಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು. ಹನ್ನೆರಡು ವರ್ಷ ಸರಿಯಾಗಿ ಜಾರಿ ಆಗಲಿಲ್ಲ. 2003ರಲ್ಲಿ ಕೋರ್ಟ್ ಮತ್ತೆ ಕೇಳಿದ ಮೇಲೆ ಡಿಗ್ರಿಯಲ್ಲಿ ಆರು ತಿಂಗಳ ಪತ್ರಿಕೆ ಬಂತು.

ತೀರದ ಹಕ್ಕಿ
ಮೇಡಂ, ಡಿಗ್ರಿ ಈಗ ನಾಲ್ಕು ವರ್ಷ ಅಲ್ವಾ?

ಉಪನ್ಯಾಸಕಿ ಶಿವಮೊಗ್ಗ
2021ರಲ್ಲಿ ನಾಲ್ಕು ವರ್ಷದ ವ್ಯವಸ್ಥೆ ಬಂತು. 2024ರಿಂದ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಮತ್ತೆ ಮೂರು ವರ್ಷ. ಕೆಲವು ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ನಾಲ್ಕು ವರ್ಷವೇ ಇದೆ. ಸೇರುವ ಮೊದಲು ಕೇಳಿಕೊಳ್ಳಿ.

ಕಾಫಿ ಹೂವು
ಪರಿಸರ ನೀತಿ ಅಂದರೆ ನಮಗೆ ಭಯ. ಕೊಡಗಿನವಳು ನಾನು. ಬೆಂಗಳೂರಿನಲ್ಲಿ, ದೆಹಲಿಯಲ್ಲಿ ಕೂತು ನಕ್ಷೆಯಲ್ಲಿ ಗೆರೆ ಎಳೆಯುತ್ತಾರೆ. ನಮ್ಮ ತೋಟ, ಮನೆ, ಸ್ಮಶಾನ ಎಲ್ಲ ಅದರ ಒಳಗೆ. ಪಶ್ಚಿಮ ಘಟ್ಟದ ಬಗ್ಗೆ ಗಾಡ್ಗೀಳ್ ವರದಿ ಬಂದಾಗ ನಮ್ಮ ಊರಿನಲ್ಲಿ ಹೆಂಚು ಬದಲಿಸಲೂ ಅನುಮತಿ ಬೇಕು ಅಂತ ಸುದ್ದಿ ಹಬ್ಬಿತು. ಯಾರೂ ಬಂದು ಇದು ಹೌದು, ಇದು ಅಲ್ಲ ಅಂತ ಹೇಳಲಿಲ್ಲ. ಇಂಥ ನೀತಿ ಓದಿ ಇನ್ನೊಬ್ಬರು ಬರುವುದು ನಮಗೆ ಬೇಕಾ?

ಹಸಿರು ಪೆನ್ಸಿಲ್
ಅಕ್ಕ, ಎರಡು ವರದಿ ಒಂದರೊಳಗೊಂದು ಸೇರಿಹೋಗಿವೆ. ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಅದು ಇಡೀ ಪಶ್ಚಿಮ ಘಟ್ಟವನ್ನು ಮೂರು ವಲಯ ಮಾಡಿತ್ತು. ಆದರೆ ಅಂತಿಮ ಮಾತು ಗ್ರಾಮಸಭೆಯಿಂದ ಬರಬೇಕು ಅಂತಲೂ ಹೇಳಿತ್ತು. ಕಸ್ತೂರಿರಂಗನ್ ಸಮಿತಿ ಬಂದದ್ದು ಆಮೇಲೆ, 2013ರಲ್ಲಿ. ಘಟ್ಟದ ಶೇ 37ರಷ್ಟು ಜಾಗ ಸೂಕ್ಷ್ಮ ಪ್ರದೇಶ ಅಂತ ಉಪಗ್ರಹ ಚಿತ್ರ ನೋಡಿ ಗುರುತಿಸಿದ್ದು ಅದು. ಕರ್ನಾಟಕದ ಪಾಲು 20,668 ಚದರ ಕಿ.ಮೀ. ಈಗ ಕೇಂದ್ರ ಸರ್ಕಾರ ಮತ್ತೆ ಮತ್ತೆ ಹೊರಡಿಸುತ್ತಿರುವ ಕರಡು ಈ ಎರಡನೆಯದರ ಮೇಲೆ ನಿಂತಿದೆ. 2024ರ ಜುಲೈನಲ್ಲೂ ಒಂದು ಬಂತು.

ಗಾಡ್ಗೀಳ್ ವರದಿಯನ್ನು ಸಚಿವಾಲಯ ತಿಂಗಳುಗಟ್ಟಲೆ ಹೊರಗೆ ಬಿಡಲಿಲ್ಲ. ಕೇಂದ್ರ ಮಾಹಿತಿ ಆಯೋಗ ಹೇಳಿದ ಮೇಲೆ 2012ರಲ್ಲಿ ಹೊರಬಂತು. ಜನರ ಭಾಷೆಯಲ್ಲಿ ಊರೂರಿಗೆ ಹೋಗಬೇಕಿದ್ದ ವರದಿಯ ಬದಲು ಊರೂರಿಗೆ ಹೋದದ್ದು ಗಾಳಿಮಾತು.

ಕಾಫಿ ಹೂವು
ಅದು ನಿಮಗೆ ಗೊತ್ತು. ನಮ್ಮ ಗ್ರಾಮಸಭೆಗೆ ಯಾರು ಬಂದು ಹೇಳಿದರು? ವರದಿ ಎಷ್ಟು ಒಳ್ಳೆಯದಿದ್ದರೂ ನಮ್ಮ ಜೊತೆ ಕೂತು ಮಾತಾಡದೆ ಇದ್ದರೆ ನಾವು ನಂಬಲ್ಲ. 2018ರ ಮಳೆಯಲ್ಲಿ ಗುಡ್ಡ ಜಾರಿದ್ದನ್ನು ಕಣ್ಣಾರೆ ಕಂಡವಳು ನಾನು. ಗುಡ್ಡ ಉಳಿಯಬಾರದು ಅಂತ ನಾನು ಹೇಳುತ್ತಿಲ್ಲ.

ಹಸಿರು ಪೆನ್ಸಿಲ್
ಯಾರೂ ಬರಲಿಲ್ಲ. ಅದು ನಿಜ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಭದ್ರಾ ಮೂಲ
ಕಾಫಿ ಹೂವು ಅಕ್ಕ ಹೇಳಿದ್ದಕ್ಕೆ ನನ್ನದೂ ಒಂದು ಸೇರಿಸುತ್ತೇನೆ. ನಾನು ಹುಟ್ಟಿದ್ದು ಕುದುರೆಮುಖ ಟೌನ್‌ಶಿಪ್‌ನಲ್ಲಿ. ಅಪ್ಪ ಗಣಿಯಲ್ಲಿ ಕೆಲಸದಲ್ಲಿದ್ದರು. 2002ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂತು, 2005ರ ಕೊನೆಗೆ ಗಣಿ ನಿಂತಿತು. ಭದ್ರಾ ನದಿಗೆ ಹೂಳು ಸೇರುತ್ತಿತ್ತು, ಅದು ರಾಷ್ಟ್ರೀಯ ಉದ್ಯಾನದ ಜಾಗ, ಗಣಿ ನಿಲ್ಲಬೇಕಿತ್ತು. ಇವತ್ತು ದೊಡ್ಡವನಾಗಿ ಇದನ್ನು ಪೂರ್ತಿ ಒಪ್ಪುತ್ತೇನೆ. ಮಳೆಗಾಲದಲ್ಲಿ ಆ ಹೊಳೆಯ ಬಣ್ಣ ನನಗೆ ನೆನಪಿದೆ.

ಆದರೆ ಶಾಲೆ ಖಾಲಿ ಆದದ್ದೂ ನೆನಪಿದೆ. ಪ್ರತಿ ತಿಂಗಳು ಒಂದೊಂದು ಬೆಂಚು ಖಾಲಿ. ಅಂಗಡಿಯವರು, ಗುತ್ತಿಗೆ ಕೆಲಸದವರು, ಹಾಲು ಹಾಕುವವರು, ಇವರ ಲೆಕ್ಕ ಯಾವ ಕಾಗದದಲ್ಲೂ ಇರಲಿಲ್ಲ. ನಮ್ಮ ಮನೆಗೆ ಹಾಲು ಹಾಕುತ್ತಿದ್ದ ಅಮ್ಮ ಕಳಸದ ಕಡೆ ಕೂಲಿಗೆ ಹೋದರು ಅಂತ ಕೇಳಿದೆ. ಪರಿಸರ ನೀತಿ ಓದುವ ತಂಗಿಗೆ ನನ್ನ ಬೇಡಿಕೆ ಇಷ್ಟೇ. ‘ನಿಲ್ಲಿಸಿ’ ಅನ್ನುವ ಆದೇಶ ಬರೆಯುವಾಗ ‘ನಿಂತ ಮೇಲೆ ಇವರಿಗೆ ಏನು’ ಅನ್ನುವ ಪುಟವನ್ನೂ ಬರೆಯಲು ಕಲಿಯಿರಿ.

ಕೋಲಾರದ ಕೆರೆಯಂಗಳ
ಓದಿ ಮನಸ್ಸು ಭಾರವಾಯಿತು.

ಕುಸನೂರು ದಾರಿ
ನನಗೆ ಈಗ ಎಪ್ಪತ್ತು ದಾಟಿದೆ. ಮೊಮ್ಮಗ ಟೈಪ್ ಮಾಡುತ್ತಿದ್ದಾನೆ. ನಮ್ಮ ಕಾಲದಲ್ಲಿ ಪರಿಸರ ನೀತಿ ಅಂತ ಯಾವ ಕಾಲೇಜಿನಲ್ಲೂ ಇರಲಿಲ್ಲ. ನಮ್ಮ ಗೋಮಾಳ, ಹುಲ್ಲುಗಾವಲು, ಸರ್ಕಾರಿ ಜಾಗ ಎಲ್ಲ ನೀಲಗಿರಿ ಬೆಳೆಯಲು ಒಂದು ಕಂಪನಿಗೆ ಕೊಟ್ಟರು. ರಾಜ್ಯದಲ್ಲಿ ಒಟ್ಟು ಮೂವತ್ತು ಸಾವಿರ ಹೆಕ್ಟೇರ್ ಲೆಕ್ಕ. ದನ ಎಲ್ಲಿ ಮೇಯಬೇಕು? 1987ರ ನವೆಂಬರ್ 14ಕ್ಕೆ ಕುಸನೂರಿನಲ್ಲಿ ಕಿತ್ತಿಕೊ ಹಚ್ಚಿಕೊ ಸತ್ಯಾಗ್ರಹ ಆಯಿತು. ನೀಲಗಿರಿ ಸಸಿ ಕಿತ್ತೆವು, ನಮಗೆ ಬೇಕಾದ ಗಿಡ ಹಚ್ಚಿದೆವು. ಶಿವರಾಮ ಕಾರಂತರು ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಒಬ್ಬರು. ಕೊನೆಗೆ 1991ರಲ್ಲಿ ಆ ಕಂಪನಿ ಮುಚ್ಚಿದರು.

ಆಗ ನಮ್ಮ ಕೂಡ ಓದಿದ ಹುಡುಗರು ಇದ್ದರು. ಸರ್ಕಾರದ ಆದೇಶ ಓದಿ ‘ಕಾಕಾ, ಇದರಾಗ ಹಿಂಗ ಬರದಾರ’ ಅಂತ ಕಟ್ಟೆ ಮೇಲೆ ಕೂತು ಹೇಳುತ್ತಿದ್ದರು. ಸಸಿ ಕೀಳಲು ಕೈ ಬಹಳ ಇದ್ದವು. ಆದೇಶ ಓದಿ ಹೇಳುವವರು ಮೂರೋ ನಾಲ್ಕೋ ಮಂದಿ. ನೀನು ಓದು ಮಗಳೇ. ಯಾವ ಡಿಗ್ರಿ ಅಂತ ನನಗೆ ತಿಳಿಯಲ್ಲ. ಓದಿ ಊರಿಗೆ ಬಾ.

ತೀರದ ಹಕ್ಕಿ
ಅಜ್ಜಾ, ನಮಸ್ಕಾರ. ನಮ್ಮ ಕಡೆ ಸಲ್ಕಣಿಯಲ್ಲಿ 1983ರಲ್ಲಿ ಮರ ಅಪ್ಪಿಕೊಂಡು ಉಳಿಸುವ ಅಪ್ಪಿಕೊ ಚಳವಳಿ ಶುರುವಾದದ್ದನ್ನು ನಮ್ಮಜ್ಜಿ ಹೇಳುತ್ತಿದ್ದರು.

ಮಂಡ್ಯದಿಂದ ಮಿಚಿಗನ್
ನಾನು ಅಮೆರಿಕದಲ್ಲಿ ಪರಿಸರ ನೀತಿಯನ್ನೇ ಡಿಗ್ರಿಯಲ್ಲಿ ಓದಿದೆ. ಹೇಗಿರುತ್ತದೆ ಅಂತ ಹೇಳಬಲ್ಲೆ. ಮೊದಲ ಎರಡು ವರ್ಷ ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ, ಪರಿಸರ ವಿಜ್ಞಾನ, ಸರ್ಕಾರ ನಡೆಯುವ ರೀತಿ. ಆಮೇಲೆ ನೀರಿನ ನೀತಿ, ಇಂಧನ ನೀತಿ, ನಕ್ಷೆ ಮಾಡುವ ಜಿಐಎಸ್. ನನಗೆ ಕೆಲಸ ಕೊಡಿಸಿದ್ದು ಜಿಐಎಸ್ ಮತ್ತು ಸಂಖ್ಯಾಶಾಸ್ತ್ರ. ನನ್ನ ಜೊತೆ ಓದಿ ಅವೆರಡನ್ನೂ ತಪ್ಪಿಸಿಕೊಂಡವರು ಇವತ್ತೂ ಕಷ್ಟಪಡುತ್ತಿದ್ದಾರೆ.

ಈ ಪರಿಣಾಮ ವರದಿ ಅನ್ನುವುದು ಹುಟ್ಟಿದ್ದೇ ಇಲ್ಲಿ. ರಾಷ್ಟ್ರೀಯ ಪರಿಸರ ನೀತಿ ಕಾಯ್ದೆಗೆ 1970ರ ಜನವರಿ 1ರಂದು ಸಹಿ ಬಿತ್ತು. ಭಾರತಕ್ಕೆ ಕಡ್ಡಾಯವಾಗಿ ಬಂದದ್ದು 1994ರಲ್ಲಿ. ಒಂದು ಪಾಠದಲ್ಲಿ ನಾವು ನಿಜವಾದ ಯೋಜನೆಯ ವರದಿ ತೆಗೆದುಕೊಂಡು ಅದಕ್ಕೆ ಲಿಖಿತ ಆಕ್ಷೇಪ ಬರೆಯಬೇಕಿತ್ತು. ಮೇಷ್ಟ್ರು ಮೊದಲು ಕೇಳುತ್ತಿದ್ದದ್ದು, ‘ಬೇರೆ ದಾರಿಗಳನ್ನು ಇವರು ನಿಜವಾಗಿ ನೋಡಿದ್ದಾರಾ?’ ಆ ಒಂದು ಪಾಠ ನನ್ನ ಇಡೀ ಡಿಗ್ರಿಗೆ ಸಮ. ಅದನ್ನು ಕಲಿಯಲು ಅಮೆರಿಕಕ್ಕೆ ಬರಬೇಕಾಗಿಲ್ಲ. ಇಲ್ಲಿನ ಖರ್ಚು ನೋಡಿದರೆ ಡಿಗ್ರಿಗೆ ಬರಬೇಡಿ ಅಂತಲೇ ಹೇಳುತ್ತೇನೆ.

ಇಬ್ಬರು ಮಕ್ಕಳ ತಾಯಿ
ಎಲ್ಲ ಸರಿ. ಖರ್ಚಿನ ಮಾತು ಯಾರೂ ಆಡುತ್ತಿಲ್ಲ. ಖಾಸಗಿ ವಿಶ್ವವಿದ್ಯಾಲಯದ ಶುಲ್ಕ ನಮ್ಮಂಥ ಮನೆಯವರಿಗೆ ಆಗುವ ಮಾತಾ? ಹಾಸ್ಟೆಲ್ ಬೇರೆ. ಮೂರು ವರ್ಷ ಆದಮೇಲೆ ಕೆಲಸ ಇಲ್ಲ ಅಂದರೆ ಹುಡುಗಿಯ ಮೇಲೆ ಮನೆಯವರ ಒತ್ತಡ ಹೇಗಿರುತ್ತದೆ ಅಂತ ನನಗೆ ಗೊತ್ತು.

ಕೋಷ್ಟಕ
ಅಕ್ಕನ ಮಾತು ಮುಖ್ಯ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಮನೆಯ ಆದಾಯ ನೋಡಿ ಶುಲ್ಕ ಕಡಿಮೆ ಮಾಡುತ್ತಾರೆ. ಪ್ರವೇಶ ಪರೀಕ್ಷೆ ಬರೆದು ನೋಡಲಿ.

ಕೆಲಸದ ಬಗ್ಗೆ ಹೇಳುವುದಾದರೆ, ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಇಎಸ್‌ಜಿ (ಪರಿಸರ, ಸಮಾಜ, ಆಡಳಿತ) ವರದಿ ಮಾಡುತ್ತೇನೆ. ಷೇರುಪೇಟೆಯ ಮೊದಲ 1,000 ಕಂಪನಿಗಳು ಬಿಆರ್‌ಎಸ್‌ಆರ್ ಅನ್ನುವ ಇಂಥದ್ದೇ ವರದಿ ಕೊಡಲೇಬೇಕು ಅಂತ ಷೇರುಪೇಟೆ ನಿಯಂತ್ರಿಸುವ ಸೆಬಿ 2022-23ರಿಂದ ಕಡ್ಡಾಯ ಮಾಡಿದೆ. ಎಷ್ಟು ನೀರು, ಎಷ್ಟು ಕರೆಂಟು, ಎಷ್ಟು ತ್ಯಾಜ್ಯ, ಎಲ್ಲ ಲೆಕ್ಕ. ಹಾಗಾಗಿ ಕೆಲಸ ಇದೆ. ದಿನವಿಡೀ ಎಕ್ಸೆಲ್, ಊರಿನ ಅಬ್ಬಿ ನೀರಿಗೂ ಇದಕ್ಕೂ ದೂರ. ಆದರೆ ಸಂಬಳ ಸಮಯಕ್ಕೆ ಬರುತ್ತದೆ, ಅದನ್ನು ಮುಚ್ಚಿಡಬಾರದು. ಇಐಎ ವರದಿ ಬರೆಯುವ ಸಲಹಾ ಸಂಸ್ಥೆಗಳೂ ಇವೆ, ಅವಕ್ಕೆ ನ್ಯಾಬೆಟ್ ಅನ್ನುವ ಮಾನ್ಯತಾ ಮಂಡಳಿಯ ಮಾನ್ಯತೆ ಬೇಕು. ನೀರು, ಗಾಳಿ, ಜೀವವೈವಿಧ್ಯ, ಸಾಮಾಜಿಕ ಸ್ಥಿತಿ, ಹೀಗೆ ಒಂದೊಂದಕ್ಕೂ ಒಬ್ಬೊಬ್ಬ ಪರಿಣತರು ಇರಬೇಕು.

ಪೀಣ್ಯ ಇಂಜಿನಿಯರ್
ಆ ವರದಿಗೆ ದುಡ್ಡು ಕೊಡುವುದು ಯೋಜನೆ ತರುವವರೇ. ಅದನ್ನೂ ಹುಡುಗಿಗೆ ಹೇಳಿ.

ಕೋಷ್ಟಕ
ಹೌದು, ಅದೇ ದೊಡ್ಡ ಹುಳುಕು. ನನ್ನ ಗೆಳತಿ ಎರಡು ವರ್ಷ ಅಂಥ ಒಂದು ಕಡೆ ಇದ್ದು, ತಾನು ಬರೆದದ್ದನ್ನು ಮೇಲಿನವರು ತಿದ್ದಿದರು ಅಂತ ಬಿಟ್ಟು ಬಂದಳು.

ಅಬ್ಬಿನೀರು
ಎಲ್ಲರ ಉತ್ತರವನ್ನೂ ಅಪ್ಪನಿಗೆ ಓದಿ ಹೇಳಿದೆ. ಐಎಫ್‌ಎಸ್ ಪಟ್ಟಿ ಕೇಳಿ ಅವರು ಸುಮ್ಮನಾದರು. ಕುಸನೂರಿನ ಅಜ್ಜನ ಮಾತು ನಮ್ಮ ಅಜ್ಜ ಎರಡು ಸಲ ಓದಿಸಿಕೊಂಡರು.

ಈಗ ನನ್ನ ತಲೆಯಲ್ಲಿ ಎರಡು ದಾರಿ ಇದೆ. ಒಂದು, ಶಿರಸಿಯಲ್ಲಿ ಫಾರೆಸ್ಟ್ರಿ, ಆಮೇಲೆ ನೀತಿಯಲ್ಲಿ ಎಂಎ. ಇನ್ನೊಂದು, ಸಸ್ಯಶಾಸ್ತ್ರದ ಜೊತೆ ಬಿಎಸ್ಸಿ ಮಾಡಿ, ಆಮೇಲೆ ಮೂರು ವರ್ಷದ ಲಾ. ಎರಡರಲ್ಲೂ ಐಎಫ್‌ಎಸ್ ಬಾಗಿಲು ತೆರೆದೇ ಇರುತ್ತದೆ. ಸರಿ ತಾನೇ?

ಮೀಸಲು ಅರಣ್ಯ
ಸರಿ. ಎರಡೂ ಪಟ್ಟಿಯಲ್ಲಿ ಇವೆ.

ಕಪ್ಪು ಕೋಟು
ಎರಡನೆಯದು ನನಗೆ ಇಷ್ಟ. ವಿಜ್ಞಾನ ಗೊತ್ತಿರುವ ವಕೀಲರು ಎನ್‌ಜಿಟಿಯಲ್ಲಿ ತೀರಾ ಕಡಿಮೆ. ಕಾನೂನು ಶಾಲೆಯಲ್ಲಿ ಎರಡು ವರ್ಷದ ಸಾರ್ವಜನಿಕ ನೀತಿ ಸ್ನಾತಕೋತ್ತರ ಪದವಿಯೂ ಇದೆ, ಅದನ್ನೂ ನೋಡಿಡಿ.

ಗಂಧದ ಮರ
ನಾನು ಮಾತ್ರ ಶಿರಸಿಯನ್ನೇ ಬಿಡಲ್ಲ! ಸಿಇಟಿ ಫಲಿತಾಂಶ ಬಂದಮೇಲೆ ಹೇಳು. ಆಪ್ಷನ್ ಎಂಟ್ರಿ ಮಾಡುವಾಗ ಸಹಾಯ ಮಾಡುತ್ತೇನೆ.

ಚರ್ಚ್ ಸ್ಟ್ರೀಟ್ ಹಳಬ
ಮಗಳೇ, ಡಿಗ್ರಿಗೆ ಇನ್ನೂ ತಿಂಗಳುಗಳಿವೆ. ಪಕ್ಕದ ಊರಿನ ನೋಟಿಸ್ ಬಂದಿದೆ ಅಂದೆಯಲ್ಲ, ಸಭೆ ಯಾವಾಗ?

ಅಬ್ಬಿನೀರು
ಇನ್ನು 22 ದಿನ ಇದೆ ಸರ್. ವರದಿ ಪಂಚಾಯ್ತಿಯಲ್ಲಿ ಇಟ್ಟಿದ್ದಾರಂತೆ.

ಚರ್ಚ್ ಸ್ಟ್ರೀಟ್ ಹಳಬ
ಹಾಗಾದರೆ ನಾಳೆಯೇ ಹೋಗಿ ನೋಡು. ಮುನ್ನೂರು ಪುಟ ಅಂತ ಹೆದರಬೇಡ. ಇಂಥ ವರದಿಗಳ ಅಧ್ಯಾಯಗಳ ಕ್ರಮವನ್ನು ಅಧಿಸೂಚನೆಯೇ ಹೇಳಿದೆ. ಮೂರನೇ ಅಧ್ಯಾಯದಲ್ಲಿ ಈಗಿನ ಪರಿಸರದ ಸ್ಥಿತಿ. ನಾಲ್ಕರಲ್ಲಿ ಆಗಬಹುದಾದ ಪರಿಣಾಮ. ಐದರಲ್ಲಿ ಬೇರೆ ದಾರಿಗಳು, ಮಿಚಿಗನ್ ಅವರ ಮೇಷ್ಟ್ರು ಕೇಳುತ್ತಿದ್ದ ಪ್ರಶ್ನೆ ಅಲ್ಲೇ ಇದೆ. ಹತ್ತರಲ್ಲಿ ನಿರ್ವಹಣಾ ಯೋಜನೆ. ನೀನು ಮೂರರಿಂದ ಶುರು ಮಾಡು.

ನೀರಿನ ಮಾದರಿ ಯಾವ ತಿಂಗಳಲ್ಲಿ, ಎಲ್ಲೆಲ್ಲಿ ತೆಗೆದಿದ್ದಾರೆ ಅಂತ ಒಂದು ಕೋಷ್ಟಕ ಇರುತ್ತದೆ. ಕ್ವಾರಿಗೆ ಸಾಮಾನ್ಯವಾಗಿ ಮಳೆಗಾಲ ಬಿಟ್ಟು ಒಂದೇ ಋತುವಿನ ಮಾಹಿತಿ ತೆಗೆಯುತ್ತಾರೆ. ಮಲೆನಾಡಿನಲ್ಲಿ ಮಳೆಗಾಲ ಬಿಟ್ಟರೆ ನೀರಿನ ಕಥೆ ಅರ್ಧವೂ ಸಿಗಲ್ಲ. ಆ ಕೋಷ್ಟಕದ ಪಕ್ಕದಲ್ಲಿ ನಿಮ್ಮ ಊರಿನ ಅಬ್ಬಿಗಳ ಪಟ್ಟಿ ಇಡು. ಯಾವ ಗುಡ್ಡ, ಎಷ್ಟು ಮನೆ, ಯಾವ ತಿಂಗಳಲ್ಲಿ ಎಷ್ಟು ನೀರು. ಕೊಡ ತುಂಬಲು ಎಷ್ಟು ನಿಮಿಷ ಅಂತ ಗಡಿಯಾರ ನೋಡಿ ಬರೆದರೂ ಅದು ಮಾಹಿತಿಯೇ. ಫೋಟೊ ತೆಗೆ. ಲಿಖಿತ ಆಕ್ಷೇಪವನ್ನು ಸಭೆಗೆ ಮೊದಲೇ ಮಂಡಳಿಯ ಪ್ರಾದೇಶಿಕ ಕಚೇರಿಗೆ ಕೊಡಬಹುದು, ಕನ್ನಡದಲ್ಲೇ ಕೊಡಬಹುದು. ಕೊಟ್ಟಿದ್ದಕ್ಕೆ ಸ್ವೀಕೃತಿ ಮೊಹರು ಹಾಕಿಸಿಕೋ.

ಉಪನ್ಯಾಸಕಿ ಶಿವಮೊಗ್ಗ
ನೀರಿನ ಮಾದರಿ ತಂದರೆ ನಮ್ಮ ಲ್ಯಾಬಿನಲ್ಲಿ ನೋಡೋಣ. ನನ್ನ ಮೂವರು ವಿದ್ಯಾರ್ಥಿಗಳು ಭಾನುವಾರ ಬರಲು ತಯಾರಿದ್ದಾರೆ. ಸ್ವಚ್ಛ ಬಾಟಲಿ ಅವರೇ ತರುತ್ತಾರೆ.

ಕಾಫಿ ಹೂವು
ಆಕ್ಷೇಪ ಬರೆದಮೇಲೆ ಇಲ್ಲೂ ಹಾಕು ತಂಗಿ. ನಮ್ಮ ಗ್ರಾಮಸಭೆಯಲ್ಲಿ ಓದಿ ಹೇಳುತ್ತೇನೆ. ಹೀಗೆ ಬರೆಯಬಹುದು ಅಂತ ನಮ್ಮವರಿಗೂ ಗೊತ್ತಾಗಲಿ.

ಅಬ್ಬಿನೀರು
ಇವತ್ತು ಪಂಚಾಯ್ತಿಗೆ ಹೋಗಿ ಬಂದೆ. ಮೂರನೇ ಅಧ್ಯಾಯದ ಫೋಟೊ ತೆಗೆದುಕೊಂಡಿದ್ದೇನೆ. ಮಾದರಿ ತೆಗೆದದ್ದು ಮಾರ್ಚ್‌ನಿಂದ ಮೇ. ಹೊಳೆಯಲ್ಲಿ ಎರಡು ಕಡೆ, ಬಾವಿ ನಾಲ್ಕು. ಅಬ್ಬಿ ಇದರಲ್ಲೂ ಇಲ್ಲ.

ಅಜ್ಜ ಮತ್ತು ನಾನು ಸಂಜೆ ಕೂತು ಪಟ್ಟಿ ಮಾಡಿದೆವು. ಪಕ್ಕದ ಊರಿನದ್ದೂ ಸೇರಿ ಅಬ್ಬಿ ಹನ್ನೊಂದು. ಎರಡಕ್ಕೆ ಹೆಸರೇ ಇರಲಿಲ್ಲ. ಭಾನುವಾರ ಬೆಳಿಗ್ಗೆ ಏಳಕ್ಕೆ ಮೇಲಿನ ಕೇರಿಯಿಂದ ಶುರು ಮಾಡುತ್ತೇವೆ. ಮೇಡಂ, ನಿಮ್ಮ ಹುಡುಗರಿಗೆ ಹೇಳಿ, ಬಸ್ಸು ಬರುವುದು ಆರೂವರೆಗೆ. ನಿಲ್ದಾಣದಲ್ಲಿ ಅಜ್ಜ ಕಾಯುತ್ತಿರುತ್ತಾರೆ. ತಿಂಡಿ ನಮ್ಮನೆಯಲ್ಲಿ.